ಹಾಡುವ ಡಬ್ಬಿ ಯಾರು ಮಾಡಿದ್ದು

ಮೊನ್ನೆ ಹಾನಗಲ್ಲಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಹುಡುಗ ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಹೊಗೆ ಎದ್ದು ಮೂಗಿಗೆ ಬಡಿಯಿತು. ನನ್ನ ವಯಸ್ಸಿನ ಹೆಂಗಸರಿಗೆ ಮಲ್ಲಿಗೆಯ ವಾಸನೆ ಬಂದರೆ ಮದುವೆಯ ದಿನಗಳು ನೆನಪಾಗುತ್ತವಂತೆ. ನನಗೆ ಈ ರಾಳದ ಹೊಗೆ ಬಂದರೆ ಹೆಣ್ಣು ನೋಡಲು ಬಂದ ದಿನ ನೆನಪಾಗುತ್ತದೆ, ಕಿವಿ ಬಿಸಿಯಾಗುತ್ತದೆ. ಅದು ಮದುಮಗಳ ನಾಚಿಕೆ ಎಂದುಕೊಳ್ಳಬೇಡಿ. ತಲೆ ತಗ್ಗಿಸುವಂಥ ನಾಚಿಕೆ.

ಮೊದಲು ನನ್ನ ಕಂಠದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಅಕ್ಕೋರು, “ನೀ ಬರೇ ಬಾಯಿ ಆಡಸವಾ, ದನಿ ಬ್ಯಾಡ” ಎಂದಿದ್ದರು. ಆ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಹಾಡು ಕೇಳದೆ ಏಳುತ್ತಿರಲಿಲ್ಲ. ಸವಣೂರಿನಿಂದ ಬಂದವರ ಮುಂದೆ ನಾನು ಒಮ್ಮೆ ಹಾಡಿದ್ದೆ. ಪಾಪ, ಅವರು ಅವಲಕ್ಕಿಯನ್ನೂ ಪೂರ್ತಿ ತಿನ್ನದೆ ಎದ್ದು ಹೋದರು. ಅಪ್ಪ ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಉಳಿದ ಅವಲಕ್ಕಿಯನ್ನು ತಾನೇ ತಿಂದು ಮುಗಿಸಿದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಅಕ್ಕಿಆಲೂರಿನಲ್ಲಿದ್ದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಮಸ್ಕತ್ತಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಸೋದರಮಾವ ನನ್ನ ತಮ್ಮನಿಗೆಂದು ಒಂದು ಕ್ಯಾಲ್ಕ್ಯುಲೇಟರ್ ತಂದುಕೊಟ್ಟ. ಕೂಡಿಸಿ ಕಳೆಯುವ ಸಾಮಾನ್ಯ ಯಂತ್ರವಲ್ಲ ಅದು. ಪುಟ್ಟ ಪರದೆಯ ಮೇಲೆ ತಾನೇ ಗ್ರಾಫ್ ಎಳೆಯುತ್ತಿತ್ತು. ಒಮ್ಮೆ ಪ್ರೋಗ್ರಾಮ್ ಬರೆದು ಕೊಟ್ಟರೆ ಬೇಡ ಎನ್ನುವವರೆಗೂ ಅದೇ ಲೆಕ್ಕ ಮಾಡುತ್ತಿತ್ತು. ತಮ್ಮನಿಗೆ ಗಣಿತವೆಂದರೆ ಜ್ವರ. ಬಿ.ಎಸ್ಸಿ. ಓದುತ್ತಿದ್ದ ನನ್ನ ಕೈಗೆ ಅದು ತಾನಾಗಿಯೇ ಬಂತು.

ಒಂದು ಸಂಜೆ ಅದನ್ನು ರೇಡಿಯೊ ಪಕ್ಕದಲ್ಲಿಟ್ಟು ಲೆಕ್ಕಕ್ಕೆ ಹಚ್ಚಿದ್ದೆ. ಅದರೊಳಗಿನ ವಿದ್ಯುತ್ತಿನ ಸದ್ದನ್ನು ಹಿಡಿದು ರೇಡಿಯೊ ಗುಂಯ್ ಎಂದಿತು. ಕೂಡಿಸುವಾಗ ಒಂದು ದನಿ, ಗುಣಿಸುವಾಗ ಇನ್ನೊಂದು, ಗ್ರಾಫ್ ಎಳೆಯುವಾಗ ಉದ್ದನೆಯದೊಂದು. ಊಟದ ಪರಿವೆಯಿಲ್ಲದೆ ಕುಳಿತೆ. ಯಾವ ಲೆಕ್ಕಕ್ಕೆ ಯಾವ ಸ್ವರ ಎಂದು ಹುಡುಕಿ ಹುಡುಕಿ ಪ್ರೋಗ್ರಾಮ್ ಬರೆದೆ. ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೊ ಒಂದನ್ನು ಬಿಚ್ಚಿ ಸರಿಮಾಡಿ, ಅದರ ಸರ್ಕ್ಯೂಟನ್ನೂ ಸ್ಪೀಕರನ್ನೂ ವನಸ್ಪತಿ ಡಬ್ಬಿಯೊಳಗೆ ಕೂರಿಸಿ, ತಂತಿಯ ಸುರುಳಿಯನ್ನು ಮೇಲೆ ಕಟ್ಟಿ, ಅದರ ಮೇಲೆ ಕ್ಯಾಲ್ಕ್ಯುಲೇಟರ್ ಇಡುವಂತೆ ಮಾಡಿದೆ. ಬೆಸುಗೆ ಹಾಕುವುದನ್ನು ಅಪ್ಪನೇ ಕೈ ಹಿಡಿದು ಕಲಿಸಿದ. ಬೆರಳುಗಳೆಲ್ಲ ಸುಟ್ಟುಕೊಂಡೆ. ಕೊನೆಗೊಂದು ದಿನ ಡಬ್ಬಿ ಅವ್ವನ ಜೋಗುಳದ ಮೊದಲ ಸಾಲನ್ನು ಮೂಗಿನಲ್ಲಿ ಹಾಡಿತು. ನಾನಂತೂ ಕುಣಿದಾಡಿಬಿಟ್ಟೆ. ನನಗೂ ಹಾಡು ಬಂದಿತ್ತಲ್ಲ!

ಆಮೇಲೆ ಹಂಸಭಾವಿಯವರು ನೋಡಲು ಬಂದರು. ಹುಡುಗನ ದೊಡ್ಡಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಒಂದ್ ಹಾಡ ಹಾಡವಾ ತಂಗಿ” ಎಂದರು. ನಾನು ಒಳಗೆ ಹೋಗಿ ಡಬ್ಬಿ ತಂದು ಅವರ ಮುಂದಿಟ್ಟು ಗುಂಡಿ ಒತ್ತಿದೆ. ಅಂಥ ಧೈರ್ಯ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಡಬ್ಬಿ ಹಾಡಿತು. ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪ ಮಾತ್ರ ಬಗ್ಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಭಾರಿ ಐತೆಲಾ! ಯಾರ ಮಾಡ್ಯಾರ್ರೀ ಇದನ್ನ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, “ನಮ್ಮ ಹುಡುಗ ಮಾಡ್ಯಾನ್ರಿ. ಅಂವಗ ಇಂಥಾದ್ರ ಹುಚ್ಚು ಭಾಳ. ಈಕೀಗೇನ ತಿಳಿತೈತ್ರಿ, ಬರೇ ಗುಂಡಿ ಒತ್ತತಾಳ” ಎಂದುಬಿಟ್ಟ.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತಮ್ಮನ ಮುಖ ಕೆಂಪಾಯಿತು. ಎಲ್ಲರೂ ಅವನನ್ನು ಹೊಗಳಿದರು. ಹುಡುಗನ ತಾಯಿ ನನ್ನ ಕೈ ಹಿಡಿದು ಸುಟ್ಟ ಗಾಯಗಳನ್ನು ನೋಡಿ ಸಂತೋಷಪಟ್ಟರು. “ಕೈ ನೋಡಿದ್ರ ತಿಳೀತೈತ್ರಿ, ಒಲಿ ಮುಂದ ಕುಂತು ದುಡದ ಹುಡುಗಿ.” ನಾನು ತಲೆ ತಗ್ಗಿಸಿದೆ. ಮದುವೆ ಗಟ್ಟಿಯಾದದ್ದು ಆ ಗಾಯಗಳಿಂದಲೇ ಇರಬೇಕು.

ಅವರು ಹೋದ ಮೇಲೆ ಅಪ್ಪ ನನ್ನ ಮುಖ ನೋಡಲಿಲ್ಲ. “ಹೆಣ್ಣಮಗಳು ವೈರ್ ಹಿಡಕೊಂಡು ಕುಂದರ್ತಾಳ ಅಂದ್ರ ಯಾರ ಒಪ್ಪತಾರವಾ? ಬಾಯಿಗೆ ಬಂತು, ಅಂದಬಿಟ್ಟೆ” ಎಂದ. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ನನಗೇ ನಾಚಿಕೆಯಾಯಿತು.

ಹಂಸಭಾವಿಗೆ ಬಂದು ಕೆಲವು ತಿಂಗಳಿಗೆ ಅತ್ತೆಯ ರೇಡಿಯೊ ನಿಂತುಹೋಯಿತು. “ನಿಮ್ಮ ತಮ್ಮನ ಕರಸವಾ, ಶಾಣ್ಯಾ ಹುಡುಗ” ಎಂದರು ಅತ್ತೆ. ತಮ್ಮ ಬಂದ. ಪಡಸಾಲೆಯಲ್ಲಿ ರೇಡಿಯೊ ಬಿಚ್ಚಿಟ್ಟುಕೊಂಡು ಬೆವರುತ್ತ ಕುಳಿತ. ನಾನು ನೀರು ಕೊಡುವ ನೆಪದಲ್ಲಿ ಬಗ್ಗಿ, “ಆ ಕೆಂಪು ವೈರ್ ಬಿಟ್ಟೈತಿ ನೋಡು” ಎಂದು ಪಿಸುಗುಟ್ಟಿದೆ. ಅವನು ಹೇಗೋ ಅಂಟಿಸಿದ, ರೇಡಿಯೊ ಮಾತಾಡಿತು. ಅತ್ತೆ ಅವನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿ, ತುಪ್ಪ ಸುರಿದು, ಓಣಿಯವರನ್ನೆಲ್ಲ ಕರೆದು ತೋರಿಸಿದರು. ನನಗೆ ಒಳಗೊಳಗೇ ನಗು.

ಆಮೇಲೆ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಪಂಚಮಿಗೆ ತವರಿಗೆ ಕರೆಯಲು ಬಂದರೂ ಬಸ್ ನಿಲ್ದಾಣದಲ್ಲೇ ನಿಂತು ಹೇಳಿಕಳಿಸುತ್ತಿದ್ದ. ಅತ್ತೆ ತೀರಿಕೊಂಡ ದಿನವೂ ಅಂಗಳದಿಂದಲೇ ಹೊರಟುಹೋದ. ಹಾನಗಲ್ಲಿನಲ್ಲಿ ನೌಕರಿ ಸಿಕ್ಕ ಮೇಲೆ ಸೊಕ್ಕು ಬಂದಿದೆ ಎಂದುಕೊಂಡೆ. ಹೆಂಡತಿ ಬಿಡುವುದಿಲ್ಲವೇನೋ ಎಂದೂ ಅಂದುಕೊಂಡೆ, ಅದನ್ನು ನಾಲ್ಕು ಜನರ ಮುಂದೆ ಆಡಿಯೂ ಆಡಿದೆ.

ಮೊನ್ನೆ ಅಂಗಡಿಯಿಂದ ನೇರ ಅವನ ಮನೆಗೆ ಹೋಗಿ, ನಗುತ್ತ ರಾಳದ ವಾಸನೆಯ ಸುದ್ದಿ ಹೇಳಿದೆ. ಅವನು ನಗಲಿಲ್ಲ.

“ಅಕ್ಕಾ, ಆ ಡಬ್ಬಿ ಮಾತ ತಗೀಬ್ಯಾಡ. ಆವತ್ತ ನಿಮ್ಮತ್ತಿ ಶಾಣ್ಯಾ ಶಾಣ್ಯಾ ಅಂತ ಬಡಸಾಕತ್ತಿದ್ರು, ನಾ ತಿನ್ನಾಕತ್ತಿದ್ದೆ. ನಿನ್ನ ಹೆಸರು ತಿಂದು ಕುಂತಂಗ ಆತು. ಮತ್ತ ಯಾವ ಮಾರಿ ಹೊತ್ತಕೊಂಡು ಆ ಮನಿಗೆ ಬರಲಿ?”

ಎದ್ದು ಫ್ಯಾನ್ ಹಾಕಿ ಬಂದು, “ನೀನರ ಒಮ್ಮೆ ಹೇಳಬಹುದಿತ್ತಲ್ಲ” ಎಂದ.

ಅಪ್ಪನ ಮಾತು ಸುಳ್ಳಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅದನ್ನೇ ದೊಡ್ಡ ತ್ಯಾಗವೆಂದುಕೊಂಡಿದ್ದೆ. ನಾನು ಬಾಯಿ ಮುಚ್ಚಿದ್ದಕ್ಕೆ ತಮ್ಮ ಇಷ್ಟು ವರ್ಷ ಬೀದಿಯಲ್ಲಿ ನಿಂತಿದ್ದ.

ಅವನ ಹೆಂಡತಿ ಚಹಾ ತಂದಳು. ಅವಳ ಮುಖ ನೋಡಲೂ ಆಗಲಿಲ್ಲ ನನಗೆ. ಚಹಾ ಕುಡಿದವಳೇ ತಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಅವನು ಬ್ಯಾಡ ಬ್ಯಾಡ ಎಂದರೂ ಕೇಳದೆ ಬಸ್ಸು ಹತ್ತಿಸಿದೆ.

ಹಂಸಭಾವಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಮ್ಮನೆಯವರು ಕುಳಿತಿದ್ದರು. “ಬರ್ರಿ ಬರ್ರಿ, ಏನ್ ಅಪರೂಪ!” ಎಂದರು. ತಮ್ಮ ಅಂಗಳದಲ್ಲೇ ನಿಂತ. ನಾನೂ ಅವನ ಪಕ್ಕದಲ್ಲಿ ನಿಂತೆ, ನಿಂತೇ ಹೇಳಿದೆ.

“ನೀವು ನನ್ನ ನೋಡಾಕ ಬಂದಾಗ ಕೇಳಿದ್ರೆಲಾ, ಆ ಹಾಡೂ ಡಬ್ಬಿ ಮಾಡಿದಾಕಿ ನಾನರೀ. ಅತ್ತೀ ರೇಡಿಯೊದಾಗ ಏನ್ ಕೆಟ್ಟೈತಿ ಅಂತ ಹೇಳಿದಾಕೀನೂ ನಾನ. ಇಂವಗ ಒಂದ್ ಸ್ಕ್ರೂ ತಿರುವಾಕ ಸೈತ ಬರೂದಿಲ್ಲ.”

ನಮ್ಮನೆಯವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು.

“ಹೌದ್ ಮಾಮಾ, ನನಗೇನೂ ಬರೂದಿಲ್ಲ” ಎಂದ ತಮ್ಮ, ಸನ್ಮಾನ ಮಾಡಿಸಿಕೊಂಡವನಷ್ಟು ಹಿಗ್ಗಿನಿಂದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.