ಟೀಚರಮ್ಮನ ಬಲಗಾಲು

ಡ್ರೈವಿಂಗ್ ಸ್ಕೂಲಿನ ಟೀಚರಮ್ಮನಿಗೆ ಎರಡು ಕಾಲಿದ್ದರೂ ಹೆಸರು ಮಾಡಿದ್ದು ಬಲಗಾಲೊಂದೇ. ಕಲಿಯುವವರ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಹದಿನಾಲ್ಕು ವರ್ಷದಿಂದ ಅವಳ ಬಲಗಾಲು ಅದರ ಮೇಲೆಯೇ ಸಂಸಾರ ಹೂಡಿತ್ತು. ಕಲಿಯುವವರು ತಪ್ಪು ಮಾಡುವ ಮೊದಲೇ ಅದಕ್ಕೆ ವಾಸನೆ ಬಡಿಯುತ್ತಿತ್ತು. ಟೀಚರಮ್ಮ ಆಕಳಿಸುತ್ತಿದ್ದರೂ ಕಾಲು ತನ್ನ ಪಾಡಿಗೆ ತಾನು ಒತ್ತಿಬಿಡುತ್ತಿತ್ತು. ಊರಿನ ಎಷ್ಟೋ ಕಾಂಪೌಂಡ್ ಗೋಡೆಗಳು ಇನ್ನೂ ನೆಟ್ಟಗೆ ನಿಂತಿರುವುದು ಈ ಕಾಲಿನ ದಯೆಯಿಂದ.

ಪೇಚಾಟವೇನೆಂದರೆ, ಭಾನುವಾರಗಳಲ್ಲಿ ಇದೇ ಟೀಚರಮ್ಮ ಬೈಕ್ ರೇಸಿಗೆ ಇಳಿಯುತ್ತಿದ್ದಳು. ಬೈಕಿನ ಹಿಂದಿನ ಚಕ್ರದ ಬ್ರೇಕೂ ಬಲಗಾಲಿಗೇ ಬಂದಿತ್ತು. ಮುಂದೆ ಹೋಗುವವನು ತಿರುವಿನಲ್ಲಿ ಒಂದು ಗೇಣು ಆಚೆ ಸರಿದನೋ ಇಲ್ಲವೋ, 'ಅಯ್ಯೋ, ಬಿದ್ದ!' ಎಂದು ಇವಳ ಕಾಲು ಒತ್ತಿಯೇಬಿಡುತ್ತಿತ್ತು. ಅವನು ಆರಾಮವಾಗಿ ಮುಂದೆ ಹೋಗುತ್ತಿದ್ದ, ಇವಳು ಹಿಂದೆ ಉಳಿಯುತ್ತಿದ್ದಳು. ಊರವರ ತಪ್ಪಿಗೆಲ್ಲ ತಾನು ಬ್ರೇಕ್ ಹಾಕುವ ರೇಸುಗಾರ್ತಿ ಇವಳೊಬ್ಬಳೇ ಇರಬೇಕು.

ಅವಳಿದ್ದ ರೇಸ್ ಕ್ಲಬ್ಬಿನಲ್ಲಿದ್ದದ್ದು ಒಂದೇ ಬೈಕು. ಈ ವರ್ಷದ ಕೊನೆಯ ರೇಸಿನಲ್ಲಿ ಮೊದಲ ಆರರೊಳಗೆ ಬಾರದಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತೇವೆಂದು ಕಾರ್ಯದರ್ಶಿ ಮುಖಕ್ಕೆ ಹೇಳಿದ್ದ. ಹಿಂದಿನ ಮೂರು ರೇಸಿನಲ್ಲಿ ಅವಳು ಬಂದದ್ದು ಒಂಬತ್ತು, ಹನ್ನೊಂದು, ಹತ್ತು. ವಯಸ್ಸು ನಲವತ್ತೊಂದು. ಈ ಬೈಕು ಕೈತಪ್ಪಿದರೆ ಇನ್ನೊಂದನ್ನು ಯಾರೂ ಕೊಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಬೈಕೆಂದರೆ ಅವಳಿಗೆ ಪ್ರಾಣ.

ಮನೆಯವರು ಸುಮ್ಮನಿರುತ್ತಾರೆಯೇ? ಕ್ಲಬ್ಬಿನ ಮೆಕ್ಯಾನಿಕ್ ಆಗಿದ್ದ ಅವಳ ಅಣ್ಣ 'ಛಲ ಬಿಡಬೇಡ', 'ಗುರಿ ಮರೆಯಬೇಡ', 'ಇಂದು ನಿನ್ನ ದಿನ' ಎಂದು ಚೀಟಿ ಬರೆದು ಪೆಟ್ರೋಲ್ ಟ್ಯಾಂಕಿನ ಮೇಲೆ ಸಾಲಾಗಿ ಅಂಟಿಸಿದ. ಅಭ್ಯಾಸದ ದಿನ ಅವನ್ನೆಲ್ಲ ಓದುತ್ತಾ ಹೋದ ಟೀಚರಮ್ಮ ತಿರುವು ತಪ್ಪಿ ಹುಲ್ಲಿಗೆ ನುಗ್ಗಿದಳು.

"ಮೂರನೇ ಚೀಟೀಲಿ ಅಕ್ಷರ ಸಣ್ಣದಾಗಿತ್ತು ಕಣೋ" ಎಂದಳು.

ಗಂಡನದು ಇನ್ನೊಂದು ಉಪಾಯ. "ಕಣ್ಮುಚ್ಚಿ ಕೂತ್ಕೊ. ಗೆದ್ದಿದೀಯ ಅಂತ ಮನಸ್ಸಲ್ಲೇ ನೋಡು" ಎಂದು ಸೋಫಾದ ಮೇಲೆ ಕೂರಿಸಿದ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಗೊರಕೆ ಕೇಳಿಸುತ್ತಿತ್ತು.

ಕಣ್ಣು ತೆರೆಸಿದ್ದು ದರ್ಜಿ ಅಜ್ಜಿ. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟು ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದ ಹೆಂಗಸು. ರೇಸಿಗೆ ಮೂರು ದಿನವಿರುವಾಗ ಖಾಲಿ ಮೈದಾನದ ನಟ್ಟನಡುವೆ ಕಾರು ನಿಲ್ಲಿಸಿಬಿಟ್ಟಳು.

"ಟೀಚರಮ್ಮ, ಒಂದ್ಮಾತು ಹೇಳ್ಲಾ? ಬೇಜಾರಾಗ್ಬೇಡಿ."

"ಹೇಳಿ ಅಜ್ಜಿ."

"ನಾನು ರಸ್ತೆ ನೋಡ್ತಾನೇ ಇಲ್ಲ. ನಿಮ್ಮ ಕಾಲು ನೋಡ್ತಿದೀನಿ. ಅದು ಅಲ್ಲಾಡಿದ್ರೆ ಏನೋ ಎಡವಟ್ಟಾಯ್ತು ಅಂತ ನಂಗೆ ಕೈಕಾಲೇ ಬರಲ್ಲ. ಪರೀಕ್ಷೆ ದಿನ ಆ ಕಾಲಿರಲ್ಲ, ನಾನು ನೋಡೋದೇನನ್ನ?"

ಟೀಚರಮ್ಮನಿಗೆ ಕಪಾಳಕ್ಕೆ ಕೊಟ್ಟಂತಾಯಿತು. ಅಜ್ಜಿ ನನ್ನ ಕಾಲು ನೋಡುತ್ತಾಳೆ, ನಾನು ಅಜ್ಜಿಯ ಕೈ ನೋಡುತ್ತೇನೆ, ರಸ್ತೆಯನ್ನು ಮಾತ್ರ ಯಾರೂ ನೋಡುತ್ತಿಲ್ಲ. ಟ್ರ್ಯಾಕಿನಲ್ಲಿಯೂ ನನ್ನ ಕಥೆ ಇದೇ ಅಲ್ಲವೇ? ಅವಳು ಚಪ್ಪಲಿ ಬಿಚ್ಚಿ, ಎರಡೂ ಕಾಲು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಈಗ ಬಿಡಿ" ಎಂದಳು.

ಅಜ್ಜಿ ಮೈದಾನವನ್ನು ನಾಲ್ಕು ಸುತ್ತು ಹಾಕಿದಳು. ಟೀಚರಮ್ಮ ಜೀವ ಕೈಯಲ್ಲಿ ಹಿಡಿದು ಕಾರಿನ ಮುಂದಿನ ಹತ್ತು ಮಾರು ನೆಲವನ್ನೇ ನೋಡುತ್ತಿದ್ದಳು. ಕಾಲು ಒಂದೆರಡು ಸಲ ಕುಪ್ಪಳಿಸಿತು. ಮಡಿಸಿಟ್ಟ ಕಾಲು ಕುಪ್ಪಳಿಸಿ ಮಾಡುವುದೇನು? ಮೂರನೆಯ ಸುತ್ತಿಗೆ ಅದೂ ಸುಮ್ಮನಾಯಿತು.

ರೇಸಿನ ದಿನ ಅವಳು ಟ್ಯಾಂಕಿನ ಚೀಟಿಗಳನ್ನೆಲ್ಲ ಕಿತ್ತು ಅಣ್ಣನ ಕೈಗೆ ಕೊಟ್ಟಳು. ಕಾಲನ್ನು ಬೈಕಿನ ಮೇಲೆ ಮಡಿಸಿಡುವಂತಿರಲಿಲ್ಲ, ಆದರೆ ಕಣ್ಣನ್ನು ಎಲ್ಲಿಡಬೇಕೆಂದು ಗೊತ್ತಾಗಿತ್ತು. ಮುಂದಿನವನ ಬೆನ್ನಿನ ಮೇಲಲ್ಲ, ಅವನ ಆಚೆಗಿನ ಟಾರಿನ ಮೇಲೆ. ಹನ್ನೆರಡು ಸುತ್ತಿನ ರೇಸು. ಮೊದಲ ಸುತ್ತಿನಲ್ಲಿ ಹತ್ತನೆಯವಳು, ಐದರಲ್ಲಿ ಎಂಟು. ಹತ್ತನೆಯ ಸುತ್ತಿನಲ್ಲಿ ಏಳಕ್ಕೆ ಬಂದು ನಿಂತಳು. ಕೊನೆಯ ಸುತ್ತಿನ ದೊಡ್ಡ ತಿರುವಿನಲ್ಲಿ ಮುಂದಿದ್ದವನ ಹಿಂದಿನ ಚಕ್ರ ಜಾರಿ ಬೈಕು ಓಲಾಡಿತು. ಎಂದಿನಂತಾಗಿದ್ದರೆ ಅವನನ್ನು ಉಳಿಸಲು ಇವಳು ಬ್ರೇಕ್ ಹಾಕಬೇಕಿತ್ತು. ಟೀಚರಮ್ಮ ನೋಡಿದ್ದು ಒಳಬದಿಯಲ್ಲಿ ಬಾಗಿಲಷ್ಟು ಅಗಲ ತೆರೆದುಕೊಂಡಿದ್ದ ಟಾರನ್ನು. ಅದರೊಳಗೆ ನುಗ್ಗಿದಳು. ಅವನು ಏನಾದನೆಂದು ತಿರುಗಿ ಕೂಡ ನೋಡಲಿಲ್ಲ.

ಅಣ್ಣ ಟ್ರ್ಯಾಕಿನ ಬದಿಯ ಗೋಡೆಯ ಮೇಲೆ ನಿಂತು ಕುಣಿದ. ಗಂಡ ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡ. ಕಪ್ಪುಬಿಳಿ ಚೌಕಗಳ ಬಾವುಟ ಬೀಸಿ ರೇಸು ಮುಗಿಯಿತೆಂದು ಸಾರಿದರು. ಎಲ್ಲರೂ ವೇಗ ತಗ್ಗಿಸಿದರು.

ಟೀಚರಮ್ಮ ತಗ್ಗಿಸಲಿಲ್ಲ. ಕೈ ಎತ್ತಿ ಜನರತ್ತ ಬೀಸುತ್ತಾ ನಿಧಾನ ಹೋಗುತ್ತಿದ್ದ ಐದನೆಯವನನ್ನು ಹಿಂದೆ ಹಾಕಿದಳು. ನಾಲ್ಕು, ಮೂರು, ಎರಡನೆಯವರನ್ನೂ ಬಿಡಲಿಲ್ಲ. ಹೆಲ್ಮೆಟ್ ಗಾಜು ಎತ್ತಿ ಕಣ್ಣೊರೆಸಿಕೊಳ್ಳುತ್ತಿದ್ದ ಗೆದ್ದವನ ಪಕ್ಕದಲ್ಲಿ ಸುಂಯ್ ಎಂದು ಹಾದಾಗ ಅವನು ಹೌಹಾರಿದ. ಹೀಗೆ ಮುಗಿದುಹೋದ ರೇಸಿನಲ್ಲಿ ಅವಳು ಮೊದಲಿಗಳಾಗಿ ಬಂದಳು.

ರೇಸಿನ ಅಧಿಕಾರಿ ಕೆಂಡಾಮಂಡಲವಾಗಿ ಅಡ್ಡ ನಿಂತ. "ಬಾವುಟ ಕಾಣಿಸ್ಲಿಲ್ವೇನಮ್ಮಾ? ಜನಕ್ಕೆ ಸಿಗ್ನಲ್ ನೋಡೋದು ಕಲಿಸೋರು ನೀವೇ ತಾನೆ?" ಒಂದು ಎಚ್ಚರಿಕೆ ಬರೆದು ಬಿಟ್ಟ. ಸ್ಥಾನ ಉಳಿಯಿತು.

ಅಣ್ಣ ಏದುಸಿರು ಬಿಡುತ್ತಾ ಓಡಿಬಂದ. "ಆರು ಕಣೇ! ಆರು! ಬೈಕು ನಿಂದೇ!"

ಅವಳು ಹೆಲ್ಮೆಟ್ ತೆಗೆದಳು. ಕೂದಲೆಲ್ಲ ಬೆವರಿಗೆ ಹಣೆಗಂಟಿತ್ತು.

"ಮುಗೀತಾ?" ಎಂದು ಕೇಳಿದಳು.

"ಆಗ್ಲೇ ಮುಗೀತು."

ಟೀಚರಮ್ಮನ ಮುಖ ಸಣ್ಣದಾಯಿತು. ಆರು ವರ್ಷದಿಂದ ಪ್ರತಿ ರೇಸಿನಲ್ಲೂ ಇನ್ನೆಷ್ಟು ಸುತ್ತು ಬಾಕಿ ಎಂದು ಎಣಿಸುತ್ತಲೇ ಓಡಿಸಿದ್ದವಳು ಅವಳು.

"ಛೇ" ಎಂದಳು, "ಈಗ ತಾನೇ ಶುರುವಾದಂಗಿತ್ತಲ್ಲೋ ಅಣ್ಣಾ."