ಪಕ್ಕದ ಮನೆಗೆ ನಾನು ಕೊಟ್ಟ ಒಪ್ಪಿಗೆ

ಲಗ್ಗೆರೆಯ ನಮ್ಮ ವಠಾರದಲ್ಲಿ ಎಂಟು ಕೋಣೆ, ಎಂಟೂ ಬಾಡಿಗೆಯವು. ನಲ್ಲಿಯಲ್ಲಿ ನೀರು ಎರಡು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೆ ಎಂಬುದು ದೇವರಿಗೂ ಗೊತ್ತಿರಲಿಲ್ಲ. ಹಾಗಾಗಿ ಕೆಲಸಕ್ಕೆ ಹೊರಡುವಾಗ ಎಲ್ಲರೂ ಬೀಗದ ಕೈಯನ್ನು ಮೀಟರ್ ಬೋರ್ಡಿನ ಕೆಳಗಿನ ಮೊಳೆಗೆ ನೇತುಹಾಕಿ ಹೋಗುತ್ತಿದ್ದೆವು. ಮನೆಯಲ್ಲಿ ಉಳಿದವರು ಎಲ್ಲರ ಬಾಗಿಲು ತೆಗೆದು ಡ್ರಮ್ಮು ತುಂಬಿಸಬೇಕು. ಇನ್ನೊಬ್ಬರ ಬಾಗಿಲು ತೆಗೆಯುವುದು ನಮಗೆ ಒಂದು ವಿಷಯವೇ ಆಗಿರಲಿಲ್ಲ.

ನನ್ನ ಪಕ್ಕದ ಕೋಣೆಯಲ್ಲಿ ಕೊಪ್ಪಳದ ಕಡೆಯ ಒಬ್ಬ ಅಕ್ಕ ಇದ್ದಳು. ಗಂಡ ತೀರಿಕೊಂಡಿದ್ದ. ಜೋಳದ ರೊಟ್ಟಿ ಬಡಿದು, ಪಲ್ಯ ಮಾಡಿ, ಕಟ್ಟಡದ ಕೆಲಸಕ್ಕೆ ಬಂದ ತನ್ನ ಕಡೆಯ ಗಂಡಸರಿಗೆ ಬುತ್ತಿ ಕೊಡುತ್ತಿದ್ದಳು. ಒಂದು ಒಲೆ, ಮೂರು ಸಿಲಿಂಡರ್, ಅದೇ ಅವಳ ಜೀವನ. ನನಗೆ ಹುಷಾರಿಲ್ಲ ಎಂದರೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ತಂದು, "ತಿನ್ನು ತಂಗಿ, ಖಾಲಿ ಹೊಟ್ಟೀಲೆ ಮಲಗಬ್ಯಾಡ" ಎನ್ನುತ್ತಿದ್ದಳು.

ಅವತ್ತು ನಾನು ಜ್ವರ ಬಂದು ಗಾರ್ಮೆಂಟ್ಸಿಗೆ ರಜೆ ಹಾಕಿದ್ದೆ. ಆಹಾರ ಇಲಾಖೆಯ ಜೀಪು ಬಂತು, ಮೂವರು ಇಳಿದರು.

"ಪಕ್ಕದ್ ಮನೆಯೋರು ಎಲ್ಲಮ್ಮ?"

"ಬುತ್ತಿ ಕೊಡಕ್ಕೆ ಹೋಗವ್ರೆ ಸಾರ್."

ಎಂಥ ದರಿದ್ರ ಬಾಯಿ ನನ್ನದು! ಮನೆಯ ಸಿಲಿಂಡರಿನಲ್ಲಿ ವ್ಯಾಪಾರ ನಡೆಸುತ್ತಾರೆ ಎಂದು ಯಾರೋ ಪುಣ್ಯಾತ್ಮರು ದೂರು ಕೊಟ್ಟಿದ್ದರಂತೆ. ಬಂದವರಿಗೆ ಬೇಕಾಗಿದ್ದೇ ಆ ಮಾತು.

"ಒಳಗೆ ಒಂದ್ಸಲ ನೋಡ್ಬೋದಾ?"

"ಅದಕ್ಕೇನ್ ಸಾರ್, ಕೀ ಇಲ್ಲೇ ಐತಲ್ಲ" ಎಂದು ನಾನೇ ಬಾಗಿಲು ತೆಗೆದೆ. ಅವರು ಬೂಟು ಬಿಚ್ಚಲು ಹೊರಟರೆ, "ಪರವಾಗಿಲ್ಲ, ಬನ್ನಿ ಸಾರ್" ಎಂದೆ. ಜೀಪು ಕಂಡರೆ ಕೈಕಟ್ಟಿ ನಿಲ್ಲುವ ಮನೆಯಲ್ಲಿ ಹುಟ್ಟಿದವಳು ನಾನು. ಸರ್ಕಾರದವರಿಗೆ ಆಗಲ್ಲ ಅನ್ನಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿಲಿಂಡರುಗಳನ್ನೂ ಒಲೆಯನ್ನೂ ಜೀಪಿಗೆ ಹಾಕಿದ ಮೇಲೆ ಒಬ್ಬರು ಕಾಗದ ಹಿಡಿದರು. ಈ ಮನೆಯಲ್ಲಿ ವಾಸವಿರುವ ನಾನು ಪರಿಶೀಲನೆಗೆ ಒಪ್ಪಿದ್ದೇನೆ ಎಂದು ಅಚ್ಚಾಗಿತ್ತು. ಓದಿಯೇ ಸಹಿ ಹಾಕಿದೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಓದಲು ಬರುವುದಿಲ್ಲ ಎಂದು ಜಾರಿಕೊಳ್ಳುವ ಹಾಗೂ ಇಲ್ಲ.

ಅಕ್ಕ ಖಾಲಿ ಕ್ಯಾರಿಯರುಗಳ ಜೊತೆ ಬಂದು ಬಾಗಿಲಲ್ಲೇ ನಿಂತಳು. "ಯವ್ವಾ, ನನ್ನ ಒಲಿ ಎಲ್ಲೈತಿ?"

ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾಳಿ ನನ್ನ ಸಂಗಾಟ ಆಫೀಸಿಗೆ ಬಾ. ನಾ ಆ ಮನಿಯಾಕಿ ಅಲ್ಲ, ತಿಳೀದ ಸಹಿ ಹಾಕಿದೆ ಅಂತ ಒಂದ್ ಮಾತ್ ಹೇಳು. ಒಲಿ ವಾಪಸ್ ಕೊಟ್ರೂ ಕೊಡ್ತಾರ" ಎಂದಳು. ಆಗಲಿ ಎಂದೆ.

ಆಫೀಸಿನಲ್ಲಿ ಸಾಹೇಬರು ಅದೇ ಕಾಗದವನ್ನು ಅಕ್ಕನ ಮುಂದೆ ಹಿಡಿದರು. "ಮನೇಲಿರೋರು ಬೇಡ ಅಂದಿದ್ರೆ ಅವತ್ತು ವಾಪಸ್ ಹೋಗ್ತಿದ್ವಿ ಕಣಮ್ಮ. ಇವ್ರೇ ಒಪ್ಪಿ ಕರ್ಕೊಂಡ್ ಹೋಗಿದಾರಲ್ಲ."

ಬೇಡ ಎಂಬ ಒಂದೇ ಮಾತು ಸಾಕಾಗಿತ್ತಂತೆ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಸಾಹೇಬರು ನನ್ನ ಕಡೆ ತಿರುಗಿದರು. "ಏನಮ್ಮ, ನೀನು ಆ ಮನೇಲಿಲ್ವಾ? ಹಾಗಾದ್ರೆ ಸುಳ್ಳು ಸೈನ್ ಹಾಕಿದ್ಯಾ? ಅದಕ್ಕೆ ನಿನ್ ಮೇಲೇ ಕೇಸ್ ಹಾಕ್ಬೋದು, ಗೊತ್ತಾ? ಸರಿಯಾಗಿ ಯೋಚ್ನೆ ಮಾಡಿ ಹೇಳು."

ಅಕ್ಕ ನನ್ನ ಸೆರಗು ಎಳೆದಳು. "ಹೇಳ ತಂಗಿ."

ಕೇಸು ಎಂದ ಕೂಡಲೇ ಗಾರ್ಮೆಂಟ್ಸಿನ ಕೆಲಸ ಕಣ್ಣ ಮುಂದೆ ಬಂತು. ನನ್ನ ಗಂಡನ ಮುಖವೂ ಬಂತು.

"ಅಲ್ಲೇ ಇರೋದು ಸಾರ್" ಎಂದೆ. "ಇಬ್ರೂ ಒಟ್ಟಿಗೇ ಇದೀವಿ."

ಸೆರಗು ಹಿಡಿದಿದ್ದ ಕೈ ಸಡಿಲವಾಯಿತು. ಸಾಹೇಬರು ಅಕ್ಕನನ್ನು ಕೇಳಿದರು, ಇದು ನಿಜವೇ ಎಂದು.

"ಹೌದ್ರಿ ಸಾಹೇಬ್ರ," ಎಂದಳು ಅಕ್ಕ. "ಕೂಡೇ ಇರ್ತೀವಿ. ಆಕಿಗೇನೂ ಮಾಡಬ್ಯಾಡ್ರಿ."

ಮುಂದಿನ ವಾರದಿಂದ ಅವಳು ತಾನು ಬುತ್ತಿ ಕೊಡುತ್ತಿದ್ದ ಗಂಡಸರ ಜೊತೆಯಲ್ಲೇ ಇಟ್ಟಿಗೆ ಹೊರಲು ಹೋದಳು.