ಏಳನೆಯ ದೊನ್ನೆಯ ಅವರೆಕಾಳು

ಇವತ್ತು ಬೆಳಿಗ್ಗೆ ಪಾಂಡವಪುರದ ತರಕಾರಿ ಅಂಗಡಿ ಸಾಲಿನಲ್ಲಿ ನಿಂತು, ಒಂದು ಟೊಮೆಟೊ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ಅದರ ತೊಟ್ಟು ಮೂಸುತ್ತಿದ್ದೆ. ಅಂಗಡಿಯ ಹೆಂಗಸು ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ, "ಅಕ್ಕಾ, ತಗಳಂಗಿದ್ರೆ ತಗ. ಅದೇನು ನಾಡಿ ಇಡ್ದು ನೋಡ್ತಾ ಇದ್ದೀಯೆ, ಅದ್ಕೇನು ಜ್ವರ ಬಂದೈತಾ?" ಅಂದಳು. ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗು ನಿಲ್ಲಿಸಲಾಗದೆ ಟೊಮೆಟೊ ತೂಗಿಸಿಕೊಂಡು ಬದನೆಕಾಯಿ ಮರೆತು ಬಂದೆ.

ನೀವೆಲ್ಲ ಟೊಮೆಟೊ ಕೊಳ್ಳುವುದು ಹೇಗೋ ನನಗೆ ಗೊತ್ತಿಲ್ಲ. ಕೆಂಪಗಿದೆಯೇ, ಕೊಳೆತಿಲ್ಲವೇ, ಹಾಕು ಚೀಲಕ್ಕೆ ಎಂದು ಮುಗಿಸುವ ಭಾಗ್ಯವಂತರಿದ್ದೀರಿ. ನನಗೆ ಸಿಪ್ಪೆ ಎಷ್ಟು ದಪ್ಪ, ಒಳಗೆ ಎಷ್ಟು ಕೋಣೆ, ತಿರುಳು ಹೆಚ್ಚೋ ನೀರು ಹೆಚ್ಚೋ, ಬುಟ್ಟಿಯಲ್ಲಿಟ್ಟರೆ ಭಾನುವಾರದವರೆಗೆ ಮುಖ ಬಾಡದೆ ಇರುತ್ತದೋ ಎಂಬ ವಿಚಾರಣೆ ಆಗಬೇಕು. ಗಂಡು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ ಎಂದು ನನ್ನ ಅಮ್ಮ ಅನ್ನುವುದುಂಟು. ಅದು ಸುಳ್ಳಲ್ಲ. ನನ್ನ ಮಟ್ಟಿಗೆ ಆ ಎರಡು ವಿಚಾರಣೆಗಳೂ ಒಂದೇ ದಿನ, ಒಂದೇ ಹೊಂಗೆ ಮರದ ಕೆಳಗೆ ನಡೆದವು.

ಆಗ ನಾನು ಕೃಷಿ ಕಾಲೇಜಿನಲ್ಲಿ ಮೇಲಿನ ಓದು ಓದುತ್ತಿದ್ದೆ. ಎಂಟು ಜಾತಿಯ ಟೊಮೆಟೊಗಳನ್ನು ಒಂದೇ ಹೊಲದಲ್ಲಿ ಬೆಳೆದು, ಯಾವುದು ಹೆಚ್ಚು ಇಳುವರಿ ಕೊಡುತ್ತದೆ, ಯಾವುದರ ಹಣ್ಣು ಒಳ್ಳೆಯದು ಎಂದು ಹೋಲಿಸುವುದು ನನ್ನ ಕೆಲಸ. ಮೇಲುಕೋಟೆ ಬೆಟ್ಟ ಇಳಿದು ಜಕ್ಕನಹಳ್ಳಿ ಕಡೆ ಬರುವ ದಾರಿಯಲ್ಲಿ ಮಾಯಿಗೌಡರೆಂಬ ರೈತರು ತಮ್ಮ ಹೊಲದ ಒಂದು ತುಂಡನ್ನು ಇದಕ್ಕೆಂದು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟ ಮೊದಲ ದಿನವೇ ಅವರಿಗೆ ಪಶ್ಚಾತ್ತಾಪವಾಯಿತು. ಒಂದು ಜಾತಿಗೆ ಒಳ್ಳೆಯ ಮಣ್ಣು, ಇನ್ನೊಂದಕ್ಕೆ ಕೆಟ್ಟ ಮಣ್ಣು ಸಿಕ್ಕಿತು ಎಂಬ ಅನ್ಯಾಯ ಆಗಬಾರದೆಂದು ನಾವು ಪ್ರತಿಯೊಂದು ಜಾತಿಯನ್ನೂ ಹೊಲದ ಬೇರೆ ಬೇರೆ ಕಡೆ, ಚೀಟಿ ಎತ್ತಿ ನೆಡುತ್ತೇವೆ. ಮಾಯಿಗೌಡರು ಬದುವಿನ ಮೇಲೆ ನಿಂತು ನೋಡಿ, "ಏನವ್ವಾ ಇದು, ಒಂದ್ ಜಾತಿನ ಒಂದ್ ಕಡೀಕೆ ಅಚ್ಕಟ್ಟಾಗಿ ಆಕೋದ್ ಬುಟ್ಟು, ಮದ್ವೆ ಮನೆ ಚಪ್ಲಿ ಇದ್ದಂಗೆ ಮಾಡ್ಬುಟ್ಟಲ್ಲ" ಅಂದರು.

ಆದರೆ ಗಿಡಗಳು ಮೊಣಕಾಲುದ್ದ ಬಂದ ಮೇಲೆ ಅವರಿಗೆ ಅವುಗಳ ಮೇಲೆ ಮೋಹ ಹುಟ್ಟಿತು. ನಾನು ಕೊಟ್ಟ ನಂಬರುಗಳು ಅವರಿಗೆ ಹಿಡಿಸದೆ ತಾವೇ ಹೆಸರಿಟ್ಟರು. ದಪ್ಪ ಹಣ್ಣಿನದು ದಪ್ಪವ್ವ. ಗೊಂಚಲು ಗೊಂಚಲಾಗಿ ಸಣ್ಣ ಹಣ್ಣು ಬಿಡುವುದು ಸರದ ಚೆನ್ನಿ. ಗೂಟ ಕೊಟ್ಟರೂ ನೆಲಕ್ಕೇ ಬೀಳುವ ಒಂದು ಜಾತಿಗೆ ತಮ್ಮ ಭಾಮೈದನ ಹೆಸರನ್ನೇ ಇಟ್ಟುಬಿಟ್ಟರು. ಅವರ ಹೆಂಡತಿ ಜಯಮ್ಮ ಆ ಸಾಲಿಗೆ ನೀರು ಬಿಡುವಾಗ ಗಂಡನ ಕಡೆ ಒಂದು ನೋಟ ಬಿಡುತ್ತಿದ್ದರು. ಹಣ್ಣಿನ ಸಿಹಿ ಅಳೆಯಲು ನನ್ನ ಬಳಿ ಪುಟ್ಟ ದುರ್ಬೀನಿನಂಥ ಉಪಕರಣವಿತ್ತು. ಗಾಜಿನ ಮೇಲೆ ಒಂದು ತೊಟ್ಟು ರಸ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗೆರೆ ಕಾಣುತ್ತದೆ. ಮಾಯಿಗೌಡರು ಅದನ್ನು ಕಣ್ಣಿಗೆ ಹಿಡಿದು ಮೇಲುಕೋಟೆ ಕಡೆ ತಿರುಗಿ, ಬೆಟ್ಟದ ಮೇಲಿನ ದೇವಸ್ಥಾನ ಕಾಣುತ್ತಿದೆಯೆಂದು ಕೈಮುಗಿದರು. ನಾನು ತಿದ್ದಲು ಹೋಗಲಿಲ್ಲ. ದೇವರು ಕಂಡರೆ ನಷ್ಟವೇನು.

ತೂಕ, ಗಟ್ಟಿತನ, ಸಿಹಿ ಇವನ್ನೆಲ್ಲ ಉಪಕರಣ ಹೇಳುತ್ತದೆ. ರುಚಿಯನ್ನು ಮಾತ್ರ ನಾಲಿಗೆಯೇ ಹೇಳಬೇಕು. ಅದಕ್ಕೆ ಹತ್ತು ಜನ ಬೇಕು, ಹಣ್ಣುಗಳೆಲ್ಲ ಒಂದೇ ಹದದಲ್ಲಿ ಮಾಗಿರಬೇಕು. ನನ್ನ ಸಹಪಾಠಿಗಳು ಜೀಪಿನಲ್ಲಿ ಬಂದು ತಿಂದು ಅಂಕ ಕೊಡುವುದೆಂದು ಗೊತ್ತಾಗಿತ್ತು. ಅದೇ ದಿನ ಮಧ್ಯಾಹ್ನ ಕೆ.ಆರ್.ಪೇಟೆಯ ನಮ್ಮ ಮನೆಗೆ ನಾಗಮಂಗಲದಿಂದ ಹೆಣ್ಣು ನೋಡಲು ಬರುತ್ತಾರೆಂದೂ ಗೊತ್ತಾಗಿತ್ತು. ಬೆಳಿಗ್ಗೆ ಟೊಮೆಟೊ, ಮಧ್ಯಾಹ್ನ ಗಂಡು ಎಂದು ನಾನು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಹಣ್ಣು ಕಿತ್ತು, ತೊಳೆದು, ಒರೆಸಿ ಬದುವಿನ ಹೊಂಗೆ ಮರದ ಕೆಳಗೆ ಸಾಲಾಗಿ ಇಟ್ಟುಕೊಂಡು ಕೂತರೆ ಜೀಪು ಬರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಕೆಟ್ಟು ನಿಂತಿದೆ, ಇವತ್ತು ಆಗುವುದಿಲ್ಲ ಎಂದು ಫೋನು ಬಂತು. ಹಣ್ಣಿಗೆ ನಾಳೆ ಬಾ ಎಂದರೆ ಅದು ಕೇಳುತ್ತದೆಯೇ? ನಾಳೆಗೆ ಅದು ಬೇರೆಯದೇ ಹಣ್ಣು. ಆ ಋತುವಿನ ಕೊನೆಯ ಒಳ್ಳೆಯ ಕೊಯ್ಲು ಅದು. ರುಚಿ ಪರೀಕ್ಷೆ ಇಲ್ಲದಿದ್ದರೆ ಇನ್ನೊಂದು ವರ್ಷ ಎಲ್ಲವನ್ನೂ ಮೊದಲಿನಿಂದ ಬೆಳೆಯಬೇಕು. ಅಮ್ಮನಿಗೆ ಫೋನು ಮಾಡಿ, ನಾನು ಬರಲಾಗುವುದಿಲ್ಲ, ನಾಲಿಗೆ ಹುಡುಕಬೇಕು ಅಂದೆ.

"ಅವ್ರಾಗ್ಲೇ ಮೇಲ್ಕೋಟೆಲವ್ರೆ ಕಣೇ. ಪೂಜೆ ಮಾಡಿಸ್ಕಂಡು ಇತ್ಲಾಗ್ ಬತ್ತಾವ್ರೆ. ಏನಂತ ಏಳ್ಲಿ ನಾನು?"

"ನಾನೂ ಅದೇ ದಾರಿಲಿದ್ದೀನಿ. ಇಲ್ಲೇ ನೋಡ್ಕಂಡ್ ಹೋಗ್ಲಿ ಬುಡವ್ವ" ಎಂದುಬಿಟ್ಟೆ. ಕೋಪದಲ್ಲಿ ಅಂದದ್ದು. ಅಮ್ಮ ಇನ್ನೂ ದೊಡ್ಡ ಕೋಪದಲ್ಲಿ ಅದನ್ನು ಹಾಗೆಯೇ ಅವರಿಗೆ ತಿಳಿಸಿ, ರೇಷ್ಮೆ ಸೀರೆಯೊಂದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದರು.

ಅಮ್ಮನ ಬಸ್ಸಿಗಿಂತ ಮೊದಲು ಗಂಡಿನ ಕಡೆಯವರ ವ್ಯಾನು ಬಂತು. ತಲೆಗೆ ಟವಲು ಸುತ್ತಿ, ಮೊಣಕೈವರೆಗೆ ಟೊಮೆಟೊ ರಸ ಮೆತ್ತಿಕೊಂಡು ನಿಂತಿದ್ದ ನಾನು ಮಾಡಿದ ಮೊದಲ ಕೆಲಸವೆಂದರೆ ಇಳಿಯುತ್ತಿದ್ದವರ ತಲೆ ಎಣಿಸಿದ್ದು. ಮಾಯಿಗೌಡರನ್ನೂ ಸೇರಿಸಿದರೆ ಸರಿಯಾಗಿ ಹತ್ತು. ನನ್ನ ಎದೆ ಕುಣಿಯಿತು. ಹೆಣ್ಣಿನ ಮುಖ ಹೀಗೆ ಅರಳಿದ್ದನ್ನು ಕಂಡು ಅವರಿಗೂ ಸಂತೋಷವಾಗಿರಬೇಕು.

ಹುಡುಗನ ತಂದೆ ವ್ಯಾನಿನೊಳಗೇ ಶುರುಮಾಡಿದ್ದ ಮಾತನ್ನು ಕೆಳಗಿಳಿದು ಮುಂದುವರಿಸಿದರು. ರಸ್ತೆ, ಮಳೆ, ಕಬ್ಬು, ದೇವಸ್ಥಾನದ ಪುಳಿಯೋಗರೆ ಎಂದು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ ಆಡುವ ಮಾತು. ಅವರ ಹಿಂದೆ ಅವರ ತಂಗಿ, ಚಿಕ್ಕತಾಯಮ್ಮ. ತಾಯಿಯಿಲ್ಲದ ಹುಡುಗನನ್ನು ಸಾಕಿ ಬೆಳೆಸಿದ ಸೋದರತ್ತೆ. ಅವರು ನನ್ನ ಟವಲನ್ನು ನೋಡಿದರು, ಕಾಲಿನ ಮಣ್ಣನ್ನು ನೋಡಿದರು. ಕೊನೆಗೆ ಇಳಿದವನು ಪ್ರಸನ್ನ, ಹುಡುಗ. ಡೇರಿಯಲ್ಲಿ ಹಾಲಿನ ಕೊಬ್ಬು ಪರೀಕ್ಷೆ ಮಾಡುವ ಕೆಲಸ ಎಂದು ಕೇಳಿದ್ದೆ.

ನಾನು ಕೈಮುಗಿದು ವಿಷಯ ಹೇಳಿದೆ. ನೀವು ನನ್ನನ್ನು ಎಷ್ಟು ಹೊತ್ತು ಬೇಕಾದರೂ ನೋಡಿ, ಅದಕ್ಕೆ ಮೊದಲು ಸ್ವಲ್ಪ ಟೊಮೆಟೊ ತಿಂದುಕೊಡಿ ಅಂದೆ. ಜಯಮ್ಮ ನನ್ನ ತೋಳು ಹಿಡಿದೆಳೆದು, "ಎಣ್ ನೋಡಾಕ್ ಬಂದೋರ್ಗೆ ಉಪ್ಪಿಟ್ಟು ಕೇಸ್ರಿಬಾತು ಕೊಡ್ತಾರೆ ಕಣವ್ವ, ಅಸಿ ಟಮೋಟ ಯಾರಾರ ಕೊಟ್ಟಾರಾ" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಹುಡುಗನ ತಂದೆ, "ಅದ್ಕೇನಂತೆ, ತಿನ್ನಾದೇ ತಾನೆ" ಎಂದು ಗೋಣಿಚೀಲದ ಮೇಲೆ ಕೂತಾಗಿತ್ತು.

ಬರೆಯಲು ಎಲ್ಲರಿಗೂ ಪೆನ್ನು ಇರಲಿಲ್ಲ. ಒಂದೊಂದು ಹಣ್ಣಿಗೂ ಎಲ್ಲರ ಮುಂದೆ ಒಂದೊಂದು ದೊನ್ನೆ ಇಟ್ಟು, ಕೈಗೆ ಹತ್ತು ಅವರೆಕಾಳು ಕೊಡುವುದೆಂದು ಮಾಡಿದೆ. ಚೆನ್ನಾಗಿದ್ದಷ್ಟೂ ಹೆಚ್ಚು ಕಾಳು ಹಾಕಬೇಕು. ಒಂದು ಹಣ್ಣಾದ ಮೇಲೆ ಬಾಯಿ ಮುಕ್ಕಳಿಸಬೇಕು. ಮುಖ್ಯವಾಗಿ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯಬಾರದಾದ್ದರಿಂದ ಮುಗಿಯುವವರೆಗೆ ಯಾರೂ ಮಾತಾಡಕೂಡದು.

ಆ ದೃಶ್ಯವನ್ನು ನೀವು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿ, ಬಾಯಿ ಮುಚ್ಚಿ, ಮುಂದಿಟ್ಟದ್ದನ್ನು ನೋಡುತ್ತ ಕೂರುವುದು ಯಾರ ಪಾಲಿನ ಕೆಲಸ? ಅಂದು ಗಂಡಿನ ಕಡೆಯವರೆಲ್ಲ ಸಾಲಾಗಿ ಹಾಗೆ ಕೂತಿದ್ದರು. ನಾನು ಬೆನ್ನ ಹಿಂದೆ ಕೈಕಟ್ಟಿ ಪರೀಕ್ಷೆಯ ಮೇಷ್ಟರಂತೆ ಓಡಾಡುತ್ತಿದ್ದೆ. ಹುಡುಗನ ತಂದೆ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ನಾನು ತುಟಿಗೆ ಬೆರಳಿಟ್ಟೆ. ಅವರು ಮಾತನ್ನು ಟೊಮೆಟೊ ಜೊತೆ ನುಂಗಿಕೊಂಡರು. ಮಾಯಿಗೌಡರು ದಪ್ಪವ್ವನನ್ನು ಗುರುತು ಹಿಡಿದು ಹತ್ತೂ ಕಾಳು ಸುರಿದು, ಸಾಲದೆ ಜಯಮ್ಮನನ್ನು ಸನ್ನೆಯಲ್ಲೇ ಇನ್ನೆರಡು ಕೇಳಿದರು. ಚಿಕ್ಕತಾಯಮ್ಮ ಮಾತ್ರ ಯಾವ ಹಣ್ಣು ತಿಂದರೂ ಮೂರೇ ಕಾಳು. ಆ ಮೂರು ಟೊಮೆಟೊಗೋ ನನಗೋ ತಿಳಿಯುತ್ತಿರಲಿಲ್ಲ.

ಇಂಥ ಪರೀಕ್ಷೆಯಲ್ಲಿ ನಾವೊಂದು ಉಪಾಯ ಮಾಡುತ್ತೇವೆ. ತಿನ್ನುವವರ ನಾಲಿಗೆಯನ್ನೂ ಪರೀಕ್ಷಿಸಲು ಒಂದೇ ಜಾತಿಯನ್ನು ಗೊತ್ತಾಗದಂತೆ ಎರಡು ಸಲ ಕೊಡುತ್ತೇವೆ. ಎರಡು ಸಲವೂ ಹೆಚ್ಚು ಕಡಿಮೆ ಅಷ್ಟೇ ಅಂಕ ಬಂದರೆ ಆ ನಾಲಿಗೆಯನ್ನು ನಂಬಬಹುದು. ಮೂರನೆಯ ಸಲ ಕೊಟ್ಟದ್ದನ್ನೇ ನಾನು ಏಳನೆಯ ಸಲವೂ ಕೊಟ್ಟೆ. ಮೂರನೆಯದನ್ನು ಜಯಮ್ಮ ಹಂಚಿದ್ದರು. ಏಳನೆಯದರ ಹೊತ್ತಿಗೆ ಅವರು ನೀರು ತರಲು ಹೋಗಿದ್ದರಿಂದ ನಾನೇ ತಟ್ಟೆ ಹಿಡಿದು ಹಂಚಿದೆ. ಆಮೇಲೆ ಕಾಳು ಎಣಿಸಿದೆ. ಪ್ರಸನ್ನ ಎಂಬ ಹುಡುಗ ಮೂರನೆಯದಕ್ಕೆ ಹಾಕಿದ್ದು ನಾಲ್ಕು. ಏಳನೆಯದಕ್ಕೆ ಒಂಬತ್ತು.

ಅದೇ ಹಣ್ಣು, ಅದೇ ನಾಲಿಗೆ. ಬದಲಾದದ್ದು ಕೊಟ್ಟ ಕೈ ಮಾತ್ರ. ನನ್ನ ಕಿವಿ ಬಿಸಿಯಾಯಿತು. ತಲೆಯ ಟವಲನ್ನು ಬಿಚ್ಚಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಅದರೊಳಗೇ ಇದ್ದೆ.

ಅಷ್ಟರಲ್ಲಿ ಅಮ್ಮ ಬಂದರು. ಬೀಗರಾಗಬೇಕಾದವರು ಒಬ್ಬರನ್ನೊಬ್ಬರು ನೋಡದೆ, ಮಾತಿಲ್ಲದೆ ಕೊನೆಯ ಟೊಮೆಟೊ ಅಗಿಯುತ್ತಿರುವುದನ್ನು ಕಂಡು, ಏನೋ ಅನಾಹುತವಾಗಿದೆಯೆಂದು ಅಲ್ಲೇ ಬದುವಿನ ಮೇಲೆ ಕುಸಿದು ಕೂತರು. "ಆಯ್ತು, ಇನ್ನು ಮಾತಾಡಬಹುದು" ಎಂದು ನಾನು ಹೇಳಿದ್ದೇ ತಡ, ಹುಡುಗನ ತಂದೆ ಕಟ್ಟೆ ಒಡೆದಂತೆ ಶುರುಮಾಡಿದರು.

"ಯಾವ್ದವ್ವಾ ಗೆದ್ದಿದ್ದು?"

"ಈಗ್ಲೇ ಹೇಳಕ್ಕಾಗಲ್ಲ. ಲೆಕ್ಕ ಹಾಕ್ಬೇಕು. ಹದಿನೈದು ದಿನ ಆಯ್ತದೆ."

"ನಾವು ಎಣ್ ನೋಡಿ ಸಂಜೆಗೆ ಏಳ್ಬುಡ್ತೀವಿ. ನಿಂದು ಟಮೋಟಕ್ಕೆ ಹದ್ನೈದ್ ದಿನವಾ?"

ಹೇಳಿದಂತೆಯೇ ಸಂಜೆಗೆ ಒಪ್ಪಿಗೆ ಬಂತು. ಅಮ್ಮನ ಚೀಲದ ರೇಷ್ಮೆ ಸೀರೆ ಚೀಲದಲ್ಲೇ ವಾಪಸು ಹೋಯಿತು. ದಪ್ಪವ್ವ ತೂಕದಲ್ಲಿ ಎಲ್ಲರನ್ನೂ ಸೋಲಿಸಿ, ಮಳೆ ಬಿದ್ದ ಮರುದಿನ ಸಿಪ್ಪೆ ಸೀಳಿಕೊಂಡು ಮಾಯಿಗೌಡರ ಮಾನ ಕಳೆದಳು. ರುಚಿಯಲ್ಲಿ ಸರದ ಚೆನ್ನಿ ಗೆದ್ದಳು. ಪ್ರಸನ್ನನ ಅಂಕಗಳನ್ನು ಮಾತ್ರ, ಈ ನಾಲಿಗೆ ನಂಬಲು ಯೋಗ್ಯವಲ್ಲ ಎಂದು ನಾನು ಲೆಕ್ಕದಿಂದ ತೆಗೆದುಹಾಕಿದೆ. ಮನುಷ್ಯನನ್ನು ಮದುವೆಯಾದೆ. ಈಗ ಪಾಂಡವಪುರದ ಹೊರಗೆ ನನ್ನದೊಂದು ಸಸಿ ನರ್ಸರಿಯಿದೆ. ಸಸಿ ಕೊಳ್ಳಲು ಬಂದವರಿಗೆಲ್ಲ ಈ ನಾಲ್ಕು-ಒಂಬತ್ತರ ಕತೆ ಹೇಳದೆ ನಾನು ಕಳಿಸಿದ್ದೇ ಇಲ್ಲ. ಹೇಳುವಾಗ ಪ್ರಸನ್ನ ಹತ್ತಿರವಿದ್ದರೆ ತಲೆ ಕೆರೆದುಕೊಂಡು ನಗುತ್ತಾರೆ. ನಾಚಿಕೆ ಎಂದುಕೊಂಡಿದ್ದೆ.

ಇವತ್ತು ಅಂಗಡಿಯಿಂದ ಮನೆಗೆ ಬಂದಾಗ ಚಿಕ್ಕತಾಯಮ್ಮ ಅತ್ತೆ ನಾಗಮಂಗಲದಿಂದ ಬಂದು ಜಗಲಿಯ ಮೇಲೆ ಕೂತಿದ್ದರು. ನಾನು ಅವರೆದುರು ಯಾವಾಗಲೂ ಸ್ವಲ್ಪ ಮುದುಡಿಕೊಂಡೇ ಇರುವವಳು. ಆ ಮೂರು ಕಾಳು ಎದೆಯಿಂದ ಹೋಗಿರಲಿಲ್ಲ. ಆದರೆ ನಗು ಇನ್ನೂ ಇಳಿಯದ ಕಾರಣ, ಟೊಮೆಟೊ ನಾಡಿ ನೋಡಿದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ಮಾತು ಹೊಂಗೆ ಮರದ ಕೆಳಗೆ ಹೋಗಿ, ನಿಮ್ಮ ಹುಡುಗ ನನ್ನ ಮುಖ ನೋಡಿ ಒಂಬತ್ತು ಕೊಟ್ಟನಲ್ಲ ಎಂಬಲ್ಲಿಗೆ ಬಂತು. ಅತ್ತೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಒಂಬತ್ತಾ? ಅದ್ರಲ್ಲಿ ಐದು ನಂದು ಕಣವ್ವ."

"ನಿಮ್ಮದಾ?" ಅಂದೆ.

"ನೀನೇ ಕೈಯಾರ ತಂದ್ ಕೊಟ್ಟೆ. ಈ ನನ್ಮಗ ನೋಡುದ್ರೆ ನಾಕ್ ಕಾಳ್ ಆಕ್ಬುಟ್ಟು ಬಸವಣ್ಣನಂಗೆ ಕುಂತವ್ನೆ. ಇವನ್ನ ಯಾವ್ ಎಣ್ಣು ಒಪ್ಪಾಳು? ನನ್ ತಾವ ಕಾಳು ಮಿಕ್ಕಿದ್ವು. ನೀನ್ ಅತ್ಲಾಗ್ ತಿರುಗ್ದಾಗ ಇವನ್ ದೊನ್ನೆಗೆ ಆಕ್ದೆ."

"ಮತ್ತೆ ನೀವು ಎಲ್ಲಕ್ಕೂ ಮೂರೇ..."

"ನಂಗೆ ಅಸಿ ಟಮೋಟ ಸೇರಕಿಲ್ಲ. ಬಿಟ್ಟೇನಂದ್ರೆ ನೀನೆಲ್ಲಿ ಬೇಜಾರ್ ಮಾಡ್ಕತಿಯೋ ಅಂತ ನುಂಗ್ದೆ."

ಒಳಗಿನಿಂದ ಪ್ರಸನ್ನ ಬಂದು ಬಾಗಿಲಲ್ಲಿ ನಿಂತರು. ನಾನು ಅವರನ್ನು ನೋಡಿದೆ. ಅವರು ತಲೆ ಕೆರೆದುಕೊಂಡರು. "ನಾನು ಹಾಕಿದ್ದು ಎರಡು ಸಲಾನೂ ನಾಲ್ಕೇ. ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ. ಹೆಂಗೆ ತಡೀಲಿ?"

ತನ್ನಪ್ಪನೇ ಡೇರಿಗೆ ತಂದ ಹಾಲಾದರೂ ಕೊಬ್ಬಿನಂಶ ಒಂದು ಕೂದಲೆಳೆ ಹೆಚ್ಚು ಬರೆಯದ ಮನುಷ್ಯ, ಹೆಣ್ಣು ಕೊಟ್ಟಳೆಂದು ಟೊಮೆಟೊಗೆ ಐದು ಅಂಕ ಹೆಚ್ಚು ಕೊಟ್ಟಾನೆಂದು ನಾನು ಇಷ್ಟು ವರ್ಷ ಹೇಗೆ ನಂಬಿದೆನೋ. ಆ ಗುಂಪಿನಲ್ಲೇ ಸ್ಥಿರವಾದ ನಾಲಿಗೆ ಅದು. ಅದನ್ನೇ ಹೊರಗೆ ಹಾಕಿದ್ದೆ. ನಗು ಎಲ್ಲಿಂದ ಬಂತೋ, ಜಗಲಿಯ ಕಂಬ ಹಿಡಿದುಕೊಂಡು ನಕ್ಕೆ. ಅತ್ತೆಯೂ ನಕ್ಕರು, ಎಲೆ ಅಡಿಕೆ ನೆತ್ತಿಗೇರಿ ನಾನು ಬೆನ್ನು ತಟ್ಟಬೇಕಾಯಿತು. ಅವರ ಬೆನ್ನ ಮೇಲೆ ನಾನು ಕೈಯಿಟ್ಟದ್ದು ಅದೇ ಮೊದಲು.

"ಯಾಕತ್ತೆ, ನಾನೇ ಬೇಕು ಅಂತ ಯಾಕನ್ನಿಸ್ತು?" ಎಂದು ಕೇಳಿದೆ.

"ನಮ್ಮಣ್ಣುನ್ನ ಅಷ್ಟೊತ್ತು ಬಾಯ್ ಮುಚ್ಚಿ ಕೂರ್ಸ್ದೋರ್ನ ನಾನು ಉಟ್ದಾಗಿಂದ ಕಂಡಿರ್ನಿಲ್ಲ. ಇಂಥೋಳು ಬುಟ್ರೆ ಸಿಕ್ಕಾಳಾ ಅಂದ್ಕಂಡೆ" ಅಂದರು ಅತ್ತೆ.

ಮಧ್ಯಾಹ್ನಕ್ಕೆ ಟೊಮೆಟೊ ಗೊಜ್ಜು ಮಾಡಿದೆ. ಅತ್ತೆಗೆ ಬಡಿಸಿ, ಪ್ರಸನ್ನನಿಗೆ ಬಡಿಸಿ, ಎಂದೂ ಕೇಳದವಳು ಇವತ್ತು ಎದುರಿಗೆ ಕೂತು ಹೇಗಿದೆ ಎಂದು ಕೇಳಿದೆ. ಪ್ರಸನ್ನ ಒಂದು ತುತ್ತು ತಿಂದರು. ಯೋಚಿಸಿದರು. ಇನ್ನೊಂದು ತುತ್ತು ತಿಂದು ನೋಡಿದರು.

"ಆರು" ಅಂದರು.

ಅತ್ತೆ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಆ ಒಂಬತ್ತಿನಲ್ಲೂ ಇಷ್ಟು ಸಂತೋಷ ಆಗಿರಲಿಲ್ಲ. ಸೌಟು ತುಂಬ ಗೊಜ್ಜು ತೆಗೆದು ಪ್ರಸನ್ನನ ತಟ್ಟೆಗೆ ಇನ್ನಷ್ಟು ಬಡಿಸಿದೆ.